ಮದರ್ ಸ್ಟಾರ್ಟೆಡ್

ಮೊನ್ನೆ ನಮ್ಮ ಕೆಳಗಿನ ಮನೆಯವರು ಅರ್ಧ ಗಂಟೆ ಸ್ಕೂಟರನ್ನು ಒದ್ದು ಒದ್ದು ಸುಸ್ತಾಗಿ, "ಏನ್ ಮಾಡಿದ್ರೂ ಸ್ಟಾರ್ಟ್ ಆಗವಲ್ದು ನೋಡ್ರಿ" ಎಂದು ನನ್ನ ಕಡೆ ನೋಡಿದರು. ಒಳ್ಳೆಯ ನೆರೆಯವನಾದರೆ ಒಂದು ಮಾತು ಸಮಾಧಾನ ಹೇಳಬೇಕು, ಇಲ್ಲವೇ ಹಿಂದಿನಿಂದ ನೂಕಬೇಕು. ನಾನು ಎರಡನ್ನೂ ಮಾಡದೆ ನನ್ನ ತಲೆಯನ್ನು ಮುಟ್ಟಿ ನೋಡಿಕೊಂಡೆ. ಸ್ಟಾರ್ಟ್ ಎಂಬ ಮಾತು ಕಿವಿಗೆ ಬಿದ್ದರೆ ಇಷ್ಟು ವರ್ಷಗಳ ಮೇಲೂ ನನ್ನ ಕೈ ತಾನಾಗಿ ತಲೆಗೆ ಹೋಗುತ್ತದೆ. ಆ ಒಂದು ಇಂಗ್ಲಿಷ್ ಕ್ರಿಯಾಪದದ ದೆಸೆಯಿಂದ, ನನ್ನ ಪಾಂಡಿತ್ಯದ ದೆಸೆಯಿಂದ, ಒಬ್ಬ ಸಜ್ಜನನ ಸೊಂಪಾದ ಕೂದಲು ಮಣ್ಣುಪಾಲಾಗಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದೆ ಇರಲೂ ಆಗುವುದಿಲ್ಲ.

ಆಗ ನಾನು ಧಾರವಾಡದಿಂದ ಮುಂಬಯಿಗೆ ಬಂದು ಮೂರು ವರ್ಷವಾಗಿತ್ತು. ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೋಟೆ ಭಾಗದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಗ್ರಾಂಟ್ ರೋಡಿನ ಒಂದು ಚಾಳಿನ ಖೋಲಿಯಲ್ಲಿ ವಾಸ, ಸ್ಟೇಷನ್ನಿಗೆ ಸಮೀಪದ ಒಂದು ಉಡುಪಿ ಹೋಟೆಲಿನಲ್ಲಿ ಎರಡು ಹೊತ್ತು ಊಟ. ಮ್ಯಾಟ್ರಿಕ್ಕನ್ನು ಎರಡನೆಯ ಸಲಕ್ಕೆ ದಾಟಿದವನು ನಾನು. ಮೊದಲನೆಯ ಸಲ ಮುಳುಗಿಸಿದ್ದು ಇಂಗ್ಲಿಷೇ. ಆದರೆ ಈ ಸಂಗತಿ ಆ ಹೋಟೆಲಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಂಗಿಯ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು, ಯಾರೋ ಬಿಟ್ಟುಹೋದ ಇಂಗ್ಲಿಷ್ ಪೇಪರನ್ನು ಮುಖದ ಮುಂದೆ ಹಿಡಿದು ಕಾಫಿ ಕುಡಿಯುತ್ತಿದ್ದೆನಾದ್ದರಿಂದ, ಮಾಲಿಕರಾದ ರಾಮಚಂದ್ರರಾಯರಿಂದ ಹಿಡಿದು ಎಲ್ಲರೂ ನನ್ನನ್ನು ಮಹಾ ಇಂಗ್ಲಿಷ್ ಪಂಡಿತನೆಂದು ತಿಳಿದಿದ್ದರು. ನಾನು ಆ ತಿಳುವಳಿಕೆಗೆ ಅಡ್ಡಿ ಮಾಡಲಿಲ್ಲ. ಹೋಟೆಲಿನವರಿಗೆ ಬಂದ ತಂತಿಯನ್ನೆಲ್ಲ ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಅರ್ಥಕ್ಕೆ ಒಂದು ಕಾಫಿ.

ಆ ಕಾಲದ ಮುಂಬಯಿಯಲ್ಲಿ ಸ್ಟಾರ್ಟ್ ಎಂಬ ಪದಕ್ಕೆ ಇದ್ದ ಚಲಾವಣೆ ನಾಣ್ಯಕ್ಕೂ ಇರಲಿಲ್ಲ. ರಾಮಚಂದ್ರರಾಯರು ಒಂದು ಹಳೆಯ ಕಾರು ಕೊಂಡಿದ್ದರು. ನಾಲ್ಕು ಜನ ನೂಕಿದರೆ ಅದು ಸ್ಟಾರ್ಟ್ ಆಗುತ್ತಿತ್ತು, ನಾಲ್ವರೂ ಏದುಸಿರು ಬಿಡುವಷ್ಟರಲ್ಲಿ ನಿಲ್ಲುತ್ತಿತ್ತು. ಎಲೆಯ ಮುಂದೆ ಕೂತ ಅತಿಥಿಗೆ "ಸ್ಟಾರ್ಟ್ ಮಾಡಿ" ಎನ್ನುವುದು ಉಪಚಾರದ ಮಾತು. ನಮ್ಮ ಆಫೀಸಿನ ಸಾಹೇಬರು ಪುಣೆಗೆ ಹೋಗುವಾಗ "ಐ ಆಮ್ ಸ್ಟಾರ್ಟಿಂಗ್" ಎಂದು ಮೂರು ದಿನ ಮೊದಲೇ ಸಾರುತ್ತಿದ್ದರು. ಆ ಮೂರು ದಿನ ಅವರೂ ಕೆಲಸ ಮಾಡುತ್ತಿರಲಿಲ್ಲ, ನಾವೂ ಮಾಡುತ್ತಿರಲಿಲ್ಲ. ಆದರೆ ಇದೇ ಪದ ತಂತಿಯ ಕಾಗದದ ಮೇಲೆ ಬಂದರೆ ಅದರ ಮುಖವೇ ಬೇರೆ. "ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ." ತಾಯಿಗೆ ಹೆಚ್ಚುಕಮ್ಮಿ, ತಕ್ಷಣ ಹೊರಡು. ಈ ನಾಲ್ಕು ಪದ ಗೊತ್ತಿಲ್ಲದ ಕನ್ನಡಿಗ ಮುಂಬಯಿಯಲ್ಲಿ ಇರಲಿಲ್ಲ. ಬೇರೆ ಇಂಗ್ಲಿಷ್ ಬಾರದವರಿಗೂ ಇಷ್ಟು ಬರುತ್ತಿತ್ತು.

ಹೋಟೆಲಿನ ಸಾಂಬಾರು, ಸಾರು, ಪಲ್ಯದ ಮುಖ್ಯ ಅಡುಗೆಯವರು ವಾಸುಭಟ್ಟರು. ಉಡುಪಿಯ ಹತ್ತಿರದ ಹಳ್ಳಿಯವರು, ನನ್ನಷ್ಟೇ ವಯಸ್ಸು, ಇನ್ನೂ ಮದುವೆಯಿಲ್ಲ. ಕಪ್ಪಗೆ ಮಿರುಗುವ ದಟ್ಟ ಕೂದಲು ಅವರದು. ಇಡೀ ದಿನ ಒಲೆಯ ಮುಂದೆ ಬೇಯುವ ಮನುಷ್ಯ, ಸಂಜೆ ಸ್ನಾನ ಮಾಡಿ ಆ ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುವ ಹತ್ತು ನಿಮಿಷ ಮಾತ್ರ ಗೃಹಸ್ಥನಂತೆ ಕಾಣುತ್ತಿದ್ದರು. ಊರಿನಲ್ಲಿ ವಿಧವೆ ತಾಯಿ ಗೋದಾವರಿಯಮ್ಮ, ಅಣ್ಣ ಅನಂತಭಟ್ಟ, ಅವನ ಸಂಸಾರ.

ನಾನು ಬಂದ ಮೊದಲ ವರ್ಷವೇ ವಾಸುಭಟ್ಟರಿಗೆ ಮದರ್ ಸೀರಿಯಸ್ ತಂತಿ ಬಂತು. ಅಳುತ್ತಾ ಓಡಿದರು. ಹೋಗಿ ನೋಡಿದರೆ ತಾಯಿ ಅಂಗಳ ಸಾರಿಸುತ್ತಿದ್ದರಂತೆ. ಅಣ್ಣನಿಗೆ ಜಮೀನಿನ ಕಾಗದದ ಮೇಲೆ ತಮ್ಮನ ಸಹಿ ಬೇಕಾಗಿತ್ತು. ಮರುವರ್ಷ ಮತ್ತೆ ಅದೇ ತಂತಿ. ಮತ್ತೆ ಓಡಿದರು. ಅಣ್ಣ ಮನೆಗೆ ಹಂಚು ಹೊದಿಸುತ್ತಿದ್ದ, ಹತ್ತಿ ಇಳಿಯಲು ಆಳು ಸಿಕ್ಕಿರಲಿಲ್ಲ. ಮೂರನೆಯ ಸಲವಂತೂ ನನಗೇ ರೇಗಿತು. ಅಣ್ಣನ ಮಗಳ ಮದುವೆ, ಮುನ್ನೂರು ಎಲೆಯ ಊಟಕ್ಕೆ ಅಡುಗೆಯವರು ಕೈಕೊಟ್ಟಿದ್ದರು. ತಾಯಿ ಸಾಯುತ್ತಿದ್ದಾಳೆಂದು ಅರಬ್ಬೀ ಸಮುದ್ರದ ಮೇಲೆ ಹಡಗಿನಲ್ಲಿ ಎರಡು ದಿನ ಉಪವಾಸವಿದ್ದು ಬಂದ ತಮ್ಮನನ್ನು ಅಣ್ಣ ನೇರವಾಗಿ ಕೊಪ್ಪರಿಗೆಯ ಮುಂದೆ ನಿಲ್ಲಿಸಿದನಂತೆ. ಅಲ್ಲಿಂದ ಮರಳಿದ ವಾಸುಭಟ್ಟರು, "ಅಮ್ಮನ ಹತ್ರ ಎಂತ ಹೇಳುದು ರಾಯ್ರೇ? ನಾನು ರಜೆಯಲ್ಲಿ ಬಂದದ್ದು ಅಂತ ಅವರು ತಿಳಿದುಕೊಂಡದ್ದು. ನೀವು ಸಾಯ್ತಾ ಇದ್ರಿ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದರು.

ನಾಲ್ಕನೆಯ ತಂತಿ ಬಂದದ್ದು ಮಾಘ ಮಾಸದಲ್ಲಿ. ಪದಗಳು ಅವೇ ನಾಲ್ಕು. ವಾಸುಭಟ್ಟರು ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತರು.

"ಹೋಗ್ಲಾ ಬೇಡ್ವಾ ರಾಯ್ರೇ?"

ನಾನು ಪೇಪರು ಮಡಚಿಟ್ಟೆ. ನ್ಯಾಯಾಧೀಶರು ಕನ್ನಡಕ ತೆಗೆಯುವ ಗತ್ತು ಅದರಲ್ಲಿತ್ತು. "ಭಟ್ಟರ, ಈ ಸಲಾ ಹೋಗಬ್ಯಾಡ್ರಿ. ಯಾವುದೋ ಕೆಲಸಾ ಹಚ್ಚಲಿಕ್ಕೆ ಕರದಾನ ನಿಮ್ಮಣ್ಣ. ನಾನು ಉತ್ತರಾ ಬರದ ಕೊಡ್ತೀನಿ."

ಹಾಗೆ ಹೇಳಿ "ಕೆನಾಟ್ ಸ್ಟಾರ್ಟ್" ಎಂದು ಎರಡೇ ಪದದ ತಂತಿ ಬರೆದುಕೊಟ್ಟೆ. ಹೊರಡಲಾರೆ. ಬಲು ಮೊನಚಾಗಿದೆ ಎಂದು ನನಗೇ ಹೆಮ್ಮೆಯಾಯಿತು. ಆ ದಿನ ಎರಡು ಕಾಫಿ ಕುಡಿದೆ.

ಹದಿನೈದು ದಿನ ಊರಿನಿಂದ ಸದ್ದಿಲ್ಲ. ಹದಿನಾರನೆಯ ದಿನ, ಮಂಗಳವಾರ ಸಂಜೆ ಆರರ ಸುಮಾರಿಗೆ, ನಾನು ಉಪ್ಪಿಟ್ಟು ತಿನ್ನುತ್ತಿರುವಾಗ ತಂತಿಯವನು ಬಂದ. ಕಾಗದ ನನ್ನ ಕೈಗೇ ಬಂತು. ಅದರಲ್ಲಿ ಇದ್ದದ್ದು ಇಷ್ಟು: "ಮದರ್ ಸ್ಟಾರ್ಟೆಡ್ ಡೋಂಟ್ ಕಮ್. ಅನಂತ."

ನೀವು ಜಾಣರು. ಈಗಾಗಲೇ ನಿಮಗೆ ಅರ್ಥವಾಗಿರುತ್ತದೆ. ನನ್ನಂಥ ಪಂಡಿತನಿಗೆ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ನಾನು ವಿಚಾರ ಮಾಡಿದೆ. ಹಿಂದಿನ ತಿಂಗಳಷ್ಟೇ ನಮ್ಮ ಆಫೀಸಿನ ಮುದುಕ ಪಾರ್ಸಿ ಸಾಹೇಬರೊಬ್ಬರು ತೀರಿಕೊಂಡಾಗ ನೋಟೀಸು ಬೋರ್ಡಿನ ಮೇಲೆ "ಡಿಪಾರ್ಟೆಡ್" ಎಂದು ಬರೆದಿದ್ದರು. ಡಿಪಾರ್ಟ್ ಎಂದರೆ ಹೊರಡು, ರೈಲಿನ ವೇಳಾಪಟ್ಟಿ ನೋಡಿದವರಿಗೆಲ್ಲ ಗೊತ್ತು. ಸ್ಟಾರ್ಟ್ ಎಂದರೂ ಹೊರಡು. ನಮ್ಮಲ್ಲೂ "ಅಜ್ಜ ಹೊರಟುಬಿಟ್ಟ" ಎನ್ನುತ್ತಾರೆ. ಮೇಲಾಗಿ ಆ ಡೋಂಟ್ ಕಮ್! ಕರೆದಾಗ ಬರಲಿಲ್ಲ, ಎಲ್ಲ ಮುಗಿಯಿತು, ಇನ್ನು ಬರಬೇಡ ಎಂಬ ಅಣ್ಣನ ಸಿಟ್ಟು ಅದರಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದೆ. ಹೋಗಬೇಡಿ ಎಂದವನು ನಾನೇ ಅಲ್ಲವೇ?

ವಾಸುಭಟ್ಟರು ಸೌಟು ಹಿಡಿದೇ ಹೊರಗೆ ಬಂದರು. "ಎಂತ ಬರೆದದ್ದು?"

ನಾನು ಅವರ ಹೆಗಲ ಮೇಲೆ ಕೈಯಿಟ್ಟೆ. "ಭಟ್ಟರ, ಧೈರ್ಯಾ ತಗೋರಿ. ನಿಮ್ಮ ತಾಯಿ... ಹೊರಟಬಿಟ್ರು."

ಸೌಟು ಕೆಳಗೆ ಬಿತ್ತು. ದೋಸೆಕಲ್ಲಿನ ಮುಂದೆ ಅಣ್ಣಯ್ಯನೆಂಬ ಹಿರಿಯ ಕೆಲಸಗಾರ ನಿಂತಿದ್ದ. ವಾಸುಭಟ್ಟರ ಪಕ್ಕದ ಹಳ್ಳಿಯವನೇ. ಓದುಬರಹ ಇಲ್ಲ. ಅವನು ದೋಸೆ ಮಗುಚುತ್ತಲೇ ಕೇಳಿದ: "ಹೊರಟ್ರು ಅಂದ್ರೆ ಹೊರಟ್ರು ಅಲ್ವಾ ರಾಯ್ರೇ? ಎಲ್ಲಿಗಾದ್ರೂ ಹೋಗ್ಲಿಕ್ಕೆ ಹೊರಟದ್ದಿರ್ಬಹುದು."

ನನಗೆ ಸಿಟ್ಟು ಬಂತು. ಮನೆಯಲ್ಲಿ ಹೆಣ ಬಿದ್ದಿರುವಾಗ ವ್ಯಾಕರಣ ಕೇಳುತ್ತಾನೆ! "ಅಣ್ಣಯ್ಯಾ, ಇದು ಇಂಗ್ಲಿಷು. ಇದರಾಗ ಒಂದೊಂದು ಶಬ್ದಕ್ಕ ಹತ್ತು ಅರ್ಥ ಇರ್ತಾವು. ನಿನಗ ತಿಳಿಯೂದಿಲ್ಲ" ಎಂದೆ. ಅವನು ಮತ್ತೆ ದೋಸೆಯ ಕಡೆ ತಿರುಗಿದ. ದೋಸೆ ಮಾತ್ರ ಸೀಯಲಿಲ್ಲ.

ರಾಮಚಂದ್ರರಾಯರು ಗಲ್ಲಾದಿಂದ ಎದ್ದು ಬಂದು ಕಣ್ಣೊರೆಸಿಕೊಂಡರು. "ಪುಣ್ಯವಂತೆ, ಹೋದ್ರು" ಎಂದರು. ಆಮೇಲೆ ನನ್ನನ್ನು ಬದಿಗೆ ಕರೆದು, "ಸೂತಕ ಹತ್ತು ದಿನವೂ ಹಿಡಿಬೇಕಾ, ಇಲ್ಲಾ ದೂರದಲ್ಲಿದ್ದವರಿಗೆ ಕಡಿಮೆ ಉಂಟಾ ರಾಯ್ರೇ? ಸಾಂಬಾರಿಗೆ ಬೇರೆ ಜನ ಇಲ್ಲ ಮಾರಾಯ್ರೇ" ಎಂದು ಕಿವಿಯಲ್ಲಿ ಕೇಳಿದರು. ಸಾವು ಯಾವ ಭಾಷೆಯಲ್ಲಿ ಬಂದರೂ ಧಣಿಗಳಿಗೆ ಮೊದಲು ಅರ್ಥವಾಗುವುದು ರಜೆ.

ಮರುದಿನ ನಾನೂ ಆಫೀಸಿಗೆ ರಜೆ ಹಾಕಿ ವಾಸುಭಟ್ಟರನ್ನು ವಾಲುಕೇಶ್ವರದ ಬಾಣಗಂಗೆಯ ಕೊಳಕ್ಕೆ ಕರೆದುಕೊಂಡು ಹೋದೆ. ಕ್ಷೌರಿಕ ಮರಾಠಿಯಲ್ಲಿ "ಕೋಣ್ ಗೇಲಾ?", ಯಾರು ಹೋದದ್ದು, ಎಂದು ಕೇಳಿದ. "ಆಯಿ", ತಾಯಿ, ಎಂದು ನಾನೇ ಹೇಳಿದೆ. ಆ ದಟ್ಟ ಕೂದಲು ಮೆಟ್ಟಿಲ ಮೇಲೆ ಬಿದ್ದಿತು. ಮೀಸೆ ಹೋಯಿತು. ನೀರಿನಲ್ಲಿ ಮುಳುಗಿ ಎದ್ದು ನಿಂತ ವಾಸುಭಟ್ಟರು, ಗುರುತೇ ಸಿಗದ ಮುಖದಿಂದ, "ಮೂರು ಸರ್ತಿ ಸುಳ್ಳಿಗೆ ಓಡಿದೆ ರಾಯ್ರೇ. ನಿಜಕ್ಕೆ ಹೋಗ್ಲಿಲ್ಲ" ಎಂದರು. ನಾನು ಬೇರೆ ಕಡೆ ನೋಡಿದೆ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ನನ್ನ ಮನಸ್ಸು ಆಫೀಸಿನಲ್ಲಿ ನಿಲ್ಲದೆ, ಹೊಟ್ಟೆನೋವಿನ ನೆಪ ಹೇಳಿ ಹೋಟೆಲಿಗೆ ಬಂದು ಕೂತಿದ್ದೆ. ವಾಸುಭಟ್ಟರು ಅಟ್ಟದ ಮೇಲೆ ಮಲಗಿದ್ದರು. ಎರಡು ದಿನದಿಂದ ಊಟ ಬಿಟ್ಟಿದ್ದರು. ಬಾಗಿಲಿಗೆ ಒಂದು ಕುದುರೆಗಾಡಿ ಬಂದು ನಿಂತಿತು. ಊರ ಕಡೆಯ ಗಂಡಸೊಬ್ಬರು ಇಳಿದು, ಹಿಂದೆ ಇದ್ದ ಮುದುಕಿಯನ್ನು ಕೈಹಿಡಿದು ಇಳಿಸಿದರು. ಮಡಿ ಹೆಂಗಸರು ಉಡುವ ಕೆಂಪು ಸೀರೆ, ಬೋಳಾದ ತಲೆಯ ಮೇಲೆ ಎಳೆದುಕೊಂಡ ಸೆರಗು, ಕಂಕುಳಲ್ಲಿ ಬಟ್ಟೆಗಂಟು. ಅವರು ಹೋಟೆಲಿನ ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದರು.

ದೋಸೆಕಲ್ಲಿನ ಮುಂದಿದ್ದ ಅಣ್ಣಯ್ಯ ಅವರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನ ದನಿಯಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

"ರಾಯ್ರೇ, ಸ್ಟಾರ್ಟ್ ಆದವ್ರು ಬಂದು ಮುಟ್ಟಿದ್ರು."

ಯಾರೋ ಕೂಗಿದರು. ವಾಸುಭಟ್ಟರು ಅಟ್ಟದ ಏಣಿಯಿಂದ ಇಳಿದು ಬಂದರು. ಕೊನೆಯ ಮೆಟ್ಟಿಲ ಮೇಲೆ ಅವರ ಕಾಲು ಅಲ್ಲೇ ನಿಂತುಹೋಯಿತು. ಗೋದಾವರಿಯಮ್ಮ ಮಗನ ತಲೆ ನೋಡಿದರು, ಮೀಸೆಯಿಲ್ಲದ ತುಟಿ ನೋಡಿದರು. ಹಳ್ಳಿಯ ಹೆಂಗಸಿಗೆ ಆ ಚಿಹ್ನೆಗಳನ್ನು ಓದಲು ಯಾವ ಗುಮಾಸ್ತನ ಸಹಾಯವೂ ಬೇಡ.

"ಇದೆಂತ ಮಗಾ? ಅಪ್ಪ ಹೋಗಿ ಹನ್ನೆರಡು ವರ್ಷ ಆಯ್ತು. ಅನಂತ ಗಟ್ಟಿ ಇದ್ದಾನೆ, ಹಡಗು ಹತ್ತಿಸಿ ಹೋದ. ಮತ್ತೆ ಯಾರಿಗೆ ಇದು?"

ತಿನ್ನುತ್ತಿದ್ದ ಗಿರಾಕಿಗಳೂ ಕೈ ನಿಲ್ಲಿಸಿದರು. ಮುದುಕಿ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಮಗನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ನನಗಾ?"

ವಾಸುಭಟ್ಟರು ತಲೆ ತಗ್ಗಿಸಿದರು.

"ಅತ್ತಿದ್ಯಾ?"

ಅಣ್ಣಯ್ಯನೇ ಹೇಳಿದ: "ಎರಡು ದಿನ ಆಯ್ತು ಅಮ್ಮ, ನೀರು ಸಹ ಸರಿ ಕುಡಿಲಿಲ್ಲ."

ಗೋದಾವರಿಯಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. ಹೋಟೆಲಿನ ಗಾಳಿಯೂ ಸೋಂಕಬಾರದೆಂದು ಬದುಕಿದ ಮಡಿಯ ಹೆಂಗಸು, ಎಲ್ಲ ಜಾತಿಯವರೂ ಕೂತೆದ್ದ ಬೆಂಚಿನ ಮೇಲೆ ಕೂತುಬಿಟ್ಟರು. "ನಿನ್ನ ಅಣ್ಣ ನನ್ನನ್ನು ಮೂರು ಸರ್ತಿ ಕೊಂದ. ಒಂದು ಸರ್ತಿಯೂ ಅಳ್ಲಿಲ್ಲ" ಎಂದರು.

ಆಮೇಲೆ ಒಂದೊಂದಾಗಿ ತಿಳಿಯಿತು. ನಾಲ್ಕನೆಯ ತಂತಿ ಸುಳ್ಳಾಗಿರಲಿಲ್ಲ. ಅವರು ನಿಜವಾಗಿಯೂ ಜ್ವರದಿಂದ ಹಾಸಿಗೆ ಹಿಡಿದಿದ್ದರು. ನನ್ನ ಆ ಮೊನಚಾದ "ಕೆನಾಟ್ ಸ್ಟಾರ್ಟ್" ಬಂದಾಗ ಅನಂತಭಟ್ಟ ಅಂಗಳದಲ್ಲಿ ನಿಂತು, ನೋಡಿ ನಿಮ್ಮ ಮುದ್ದಿನ ಮಗ ಎಂದು ಕೂಗಾಡಿದನಂತೆ. ಅಂಚೆಯವನು ಮಾತ್ರ, "ಪ್ರತಿ ವರ್ಷ ಹೀಗೆ ಕರೆಸಿದ್ರೆ ಅವ ಆದ್ರೂ ಎಂತ ಮಾಡುದು" ಎಂದು ಅಂದುಬಿಟ್ಟ. ಒಳಗೆ ಮಲಗಿದ್ದ ಮುದುಕಿಗೆ ಅದು ಕೇಳಿಸಿತು. ಜ್ವರ ಬಿಟ್ಟು ಎದ್ದ ಮೇಲೆ ಅಂಚೆಯವನನ್ನು ಕರೆದು ತಾವು ಯಾವ ಯಾವ ವರ್ಷ ಸಾಯುತ್ತಿದ್ದರೆಂದು ಕೇಳಿ ತಿಳಿದುಕೊಂಡರು. ಮರುದಿನವೇ ಬಟ್ಟೆ ಕಟ್ಟಿದರು. ಹಡಗಿನಲ್ಲಿ ಎರಡು ದಿನ ಅವಲಕ್ಕಿ, ಬಾಳೆಹಣ್ಣು.

"ತಂತಿ ಓದಿದ್ದು ಯಾರು?" ಎಂದರು ಕೊನೆಗೆ.

ಎಲ್ಲರೂ ನನ್ನನ್ನು ನೋಡಿದರು. ಪಂಡಿತನಿಗೆ ಇಷ್ಟು ಜನಮನ್ನಣೆ ಎಂದೂ ಸಿಕ್ಕಿರಲಿಲ್ಲ. ನಾನು ಎದ್ದು ನಿಂತೆ. "ನಾನ್ರಿ ಅಮ್ಮಾ. ತಪ್ಪಾತ್ರಿ."

"ನೀವು ಓದಿದವ್ರಾ?"

"ಹೌದ್ರಿ. ಮ್ಯಾಟ್ರಿಕ್ ಆಗೇತಿ."

"ಹಾಗಾದ್ರೆ ಆಯ್ತು ಬಿಡಿ" ಎಂದರು. ಆಮೇಲೆ ಮಗನ ಬೋಳುತಲೆಯನ್ನು ಅಂಗೈಯಿಂದ ಒಮ್ಮೆ ಸವರಿ, ಸ್ನಾನಕ್ಕೆ ನೀರು ಎಲ್ಲುಂಟು ಎಂದು ಕೇಳಿದರು.

ಗೋದಾವರಿಯಮ್ಮ ಊರಿಗೆ ಮರಳಲಿಲ್ಲ. ವಾಸುಭಟ್ಟರು ಅಟ್ಟ ಬಿಟ್ಟು ವಿಲೆ ಪಾರ್ಲೆಯಲ್ಲಿ ಒಂದು ಖೋಲಿ ಹಿಡಿದರು. ಬೆಳಗಿನ ಮೊದಲ ಲೋಕಲ್ಲಿನಲ್ಲಿ ಗ್ರಾಂಟ್ ರೋಡಿಗೆ ಬಂದು, ಸಂಜೆ ಮನೆಗೆ ಹೋಗುವ ಮನುಷ್ಯರಾದರು. ಮುದುಕಿ ಆರೇ ತಿಂಗಳಲ್ಲಿ ಮರಾಠಿ ಕಲಿತು ಭಾಜಿ ಮಾರುವವಳೊಡನೆ ಜಗಳವಾಡತೊಡಗಿದರು. ಭಾನುವಾರ ನಾನೂ ಅಣ್ಣಯ್ಯನೂ ಅಲ್ಲಿ ಊಟಕ್ಕೆ ಹೋಗುತ್ತಿದ್ದೆವು. ನನಗೆ ಬಡಿಸುವಾಗ ಗೋದಾವರಿಯಮ್ಮ ಸಾರಿನ ಪಾತ್ರೆ ತೋರಿಸಿ, "ಇದು ಸಾರು ರಾಯ್ರೇ. ಸಾರು ಅಂದ್ರೆ ಸಾರೇ" ಎಂದು ಬಿಡಿಸಿ ಹೇಳುತ್ತಿದ್ದರು. ಹೋಟೆಲಿನವರು ತಂತಿಗಳನ್ನು ಓದಿಸಲು ಎದುರಿನ ಔಷಧಿ ಅಂಗಡಿಗೆ ಹೋಗತೊಡಗಿದರು. ಕಾಫಿಗೆ ನಾನು ಕಾಸು ಕೊಡತೊಡಗಿದೆ.

ನಾಲ್ಕು ವರ್ಷ ಹೀಗೆ ಕಳೆಯಿತು. ಒಂದು ಬೇಸಿಗೆಯ ಮಧ್ಯಾಹ್ನ ವಾಸುಭಟ್ಟರು ನನ್ನ ಆಫೀಸಿಗೇ ಬಂದು ಮೇಜಿನ ಮುಂದೆ ನಿಂತರು. ಅಷ್ಟು ದೂರದಿಂದ ಅವರು ಎಂದೂ ಬಂದವರಲ್ಲ.

"ಅಮ್ಮ ಸತ್ರು ರಾಯ್ರೇ" ಎಂದರು.

ಹೋದರು ಎನ್ನಲಿಲ್ಲ, ತೀರಿಕೊಂಡರು ಎನ್ನಲಿಲ್ಲ. ನನ್ನಲ್ಲಿ ಎಳ್ಳಷ್ಟೂ ಅನುಮಾನ ಉಳಿಸುವ ಮನಸ್ಸು ಅವರಿಗಿರಲಿಲ್ಲ.

ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ದಾರಿಯಲ್ಲಿ ಅಣ್ಣನಿಗೆ ತಂತಿ ಕೊಡಲು ನಿಂತೆವು. ಬರೆಯಲು ನನ್ನ ಕೈ ಏಳಲಿಲ್ಲ. ಕಿಟಕಿಯ ಒಳಗಿದ್ದ ಗುಮಾಸ್ತನಿಗೆ ಹಿಂದಿಯಲ್ಲಿ ಸಂಗತಿ ಹೇಳಿ, ನೀವೇ ಬರೆಯಿರಿ ಎಂದು ಬೇಡಿಕೊಂಡೆ. ಅವನು ದಿನಕ್ಕೆ ಇಂಥ ಇಪ್ಪತ್ತು ಬರೆಯುವವನು. ತಲೆಯೆತ್ತದೆ ಬರೆದ: "ಮದರ್ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ." ವಾಸುಭಟ್ಟರು ಅದರ ಕೆಳಗೆ ಹೆಸರು ಹಾಕಿಸಿದರು. ಹಿರಿಯ ಮಗನಿಗಾಗಿ ಕಾಯುವ ಹಾಗಿರಲಿಲ್ಲ. ಆ ಸಂಜೆಯೇ ಕಿರಿಯವರು ಕೊಳ್ಳಿಯಿಟ್ಟರು. ಒಬ್ಬಳೇ ತಾಯಿಗೆ ಎರಡನೆಯ ಸಲ ತಲೆ ಬೋಳಿಸಿಕೊಂಡರು. ಈ ಸಲ ನಾನು ಹತ್ತಿರ ನಿಂತು ನೋಡಿದೆ.

ಮರುದಿನದಿಂದ ದಾರಿ ಕಾದೆವು. ಮೂರನೆಯ ದಿನ, ನಾಲ್ಕನೆಯ ದಿನ, ಹಡಗು ಬಂದ ದಿನವೆಲ್ಲ ಅಣ್ಣಯ್ಯ ಬಂದರಿಗೆ ಹೋಗಿ ಬರುತ್ತಿದ್ದ. ಅನಂತಭಟ್ಟ ಬರಲಿಲ್ಲ. ಎಂಟನೆಯ ದಿನ, ನಾವು ಮೂವರೂ ಖೋಲಿಯ ಹೊರಗಿನ ಗ್ಯಾಲರಿಯಲ್ಲಿ ಕೂತಿದ್ದಾಗ ಅಂಚೆಯವನು ಒಂದು ಕಾರ್ಡು ಕೊಟ್ಟು ಹೋದ. ಕನ್ನಡದಲ್ಲಿತ್ತು. ವಾಸುಭಟ್ಟರೇ ಓದಿಕೊಂಡರು. ಓದಿ ಮುಗಿದ ಮೇಲೂ ಅವರ ಕಣ್ಣು ಕಾರ್ಡಿನ ಮೇಲೇ ಇತ್ತು. ಆಮೇಲೆ ನನ್ನ ಕೈಗೆ ಕೊಟ್ಟರು.

"ನಿನ್ನ ತಂತಿ ಬಂತು. ನಾನು ಕಲಿಸಿದ ವಿದ್ಯೆಯನ್ನು ನನ್ನ ಮೇಲೇ ಪ್ರಯೋಗಿಸುತ್ತಿ ಎಂದು ತಿಳಿದು ನಗು ಬಂತು. ನನ್ನನ್ನು ಮುಂಬಯಿಗೆ ಓಡಿಸುವ ನಿನ್ನ ಆಟ ನಡೆಯುವುದಿಲ್ಲ. ಅದಿರಲಿ, ಮಗಳು ಹೆರಿಗೆಗೆ ಬಂದಿದ್ದಾಳೆ. ಮನೆಯಲ್ಲಿ ಕೈಗೆ ಜನ ಇಲ್ಲ" ಎಂದು ಮೊದಲಾಗಿ, ಇನ್ನೂ ಎರಡು ಸಾಲು.

ಕಂಬಕ್ಕೆ ಒರಗಿ ಕೂತಿದ್ದ ಅಣ್ಣಯ್ಯ ನಮ್ಮಿಬ್ಬರನ್ನೂ ನೋಡಿದ.

"ಎಂತ ಅಂತೆ?"

"ಅಮ್ಮನನ್ನು ಕಳಿಸಿಕೊಡ್ಬೇಕಂತೆ" ಎಂದರು ವಾಸುಭಟ್ಟರು.